ಖಾಕಿ ಹಾಳೆ, ಪುಟ್ಟ ಬಾಟಲಿ: ಕಾರ್ಡ್ 5ರ ತನಕ

ನಿನ್ನೆ ಸಂಜೆ ಕಾರ್ಡ್ 4 ಕೂಡ ಕಸದ ಬುಟ್ಟಿಗೆ ಹೋಯಿತು. ಇದೇ ಕೊನೆಯದು ಅಂದುಕೊಂಡು 60 ಪ್ರತಿ ಪ್ರಿಂಟ್ ಹಾಕಿಸಿದ್ದೆ. ಯಾಕೆ ಹೋಯಿತು ಅಂತ ಆಮೇಲೆ ಹೇಳುತ್ತೇನೆ. ಮೊದಲಿಂದ ಬರೆದಿಡುತ್ತೇನೆ, ಇಲ್ಲದಿದ್ದರೆ ಮಾಡಿದ ತಪ್ಪು ನನಗೇ ಮರೆತುಹೋಗುತ್ತದೆ.

ಕುಮಟಾದ ಸಣ್ಣ ಲ್ಯಾಬೊಂದರಲ್ಲಿ ನಾನು ಟೆಕ್ನಿಷಿಯನ್. ರಕ್ತ, ಉಚ್ಚೆ, ಕಫ ನೋಡುತ್ತಾ ಹದಿನೇಳು ವರ್ಷ ಕಳೆಯಿತು. ಭಾನುವಾರದ ಹವ್ಯಾಸ ಮಾತ್ರ ಸ್ವಲ್ಪ ವಿಚಿತ್ರ. ದೊಡ್ಡ ಕರುಳಿನ ಕ್ಯಾನ್ಸರ್ ತಪಾಸಣೆಗೆ ಸಂಡಾಸದ ಸ್ಯಾಂಪಲ್ ಎಂತಕ್ಕೆ ಕೊಡಬೇಕು, ಹೇಗೆ ತರಬೇಕು ಅಂತ ಹೇಳುವ ಒಂದು ಕಾರ್ಡ್ ಮಾಡುತ್ತಿದ್ದೇನೆ. ಓದು ಬಾರದವರಿಗೆ, ಮತ್ತೆ ಓದು ಬಂದರೂ ನಮ್ಮ ಲ್ಯಾಬಿನ ಭಾಷೆ ಬಾರದವರಿಗೆ. ಆ ಸ್ಯಾಂಪಲಿನಲ್ಲಿ ಕಣ್ಣಿಗೆ ಕಾಣದಷ್ಟು ರಕ್ತ ಇದೆಯಾ ಅಂತ ನಾವು ನೋಡುತ್ತೇವೆ.

ಶುರುವಾಗಿದ್ದು ದೊಡ್ಡಪ್ಪನಿಂದ. ಅವರಿಗೆ ರಕ್ತ ಬೀಳುತ್ತಿತ್ತು. ಮೂಲವ್ಯಾಧಿ ಅಂದರು, ಉಷ್ಣ ಅಂದರು. ಎರಡು ವರ್ಷ ಮಜ್ಜಿಗೆ, ಸುವರ್ಣಗಡ್ಡೆ, ಒಂದೆಲಗದ ತಂಬುಳಿ, ಮುಲಾಮು. ಕರುಳಿನ ಕ್ಯಾನ್ಸರ್ ಅಂತ ಗೊತ್ತಾಗುವ ಹೊತ್ತಿಗೆ ಅವರಿಗೆ 48, ಗಡ್ಡೆ ಲಿವರಿಗೂ ಹೋಗಿತ್ತು. ನಾನಾಗ ಡಿಪ್ಲೊಮಾ ಮೊದಲ ವರ್ಷ. ಪುಸ್ತಕದಲ್ಲಿ ಅದೇ ಪಾಠ ಇತ್ತು, ನಾನು ಓದಿಯೂ ಇದ್ದೆ. ಮನೆಯಲ್ಲಿ ಹೇಳುವ ಬಾಯಿ ಇರಲಿಲ್ಲ.

ಸರ್ಕಾರದ ತಪಾಸಣೆ 30 ದಾಟಿದವರಿಗೆ ಇದೆ. ಬಿಪಿ, ಶುಗರ್ ಜೊತೆ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್ ನೋಡುತ್ತಾರೆ. ದೊಡ್ಡ ಕರುಳು ಆ ಪಟ್ಟಿಯಲ್ಲಿಲ್ಲ. ನಮ್ಮಲ್ಲಿ ಈ ಕಾಯಿಲೆ ಪಾಶ್ಚಾತ್ಯ ದೇಶಗಳಿಗಿಂತ ಕಡಿಮೆ, ಅದಕ್ಕೇ ಇರಬಹುದು. ಅಮೆರಿಕದಲ್ಲಿ 2021ರಲ್ಲಿ ತಪಾಸಣೆ ಶುರು ಮಾಡುವ ವಯಸ್ಸನ್ನು 50ರಿಂದ 45ಕ್ಕೆ ಇಳಿಸಿದರು. ನಮ್ಮೂರ ಡಾಕ್ಟ್ರ ಹತ್ತಿರ ಕೇಳಿದೆ. “45 ದಾಟಿದವರಿಗೆ ಕೊಡು, ರಕ್ತ ಕಂಡವರನ್ನ ನನ್ನ ಹತ್ರ ಕಳಿಸು” ಅಂದರು. ಲ್ಯಾಬಿನ ಯಜಮಾನರು ಕಿಟ್‌ಗಳನ್ನು ಖರೀದಿ ಬೆಲೆಗೇ ಕೊಟ್ಟರು. ಕಿಟ್ ಅಂದರೆ ಸ್ಯಾಂಪಲ್ ಹಾಕಿ ತರುವ ಪುಟ್ಟ ಬಾಟಲಿ. ಅಘನಾಶಿನಿ ಹೊಳೆ ಬದಿಯ ಎರಡು ಕೇರಿ ಹಿಡಿದುಕೊಂಡೆ.

ಕಾರ್ಡ್ 1, ಅಕ್ಟೋಬರ್

ಎರಡು ಪುಟ, ಎಲ್ಲ ಅಕ್ಷರ. ಮೊದಲ ಸಾಲೇ “ಮಲದ ಮಾದರಿಯನ್ನು ಸಂಗ್ರಹಿಸುವ ವಿಧಾನ”. ಮೀನು ಮಾರುವ ಅಜ್ಜಿಯೊಬ್ಬರಿಗೆ ಮೊಮ್ಮಗಳು ಜೋರಾಗಿ ಓದಿ ಹೇಳಿದಳು. ಅಜ್ಜಿ ನನ್ನ ಮುಖ ನೋಡಿ, “ಮಾದರಿ ಶಾಲೆ ಗೊತ್ತು ತಂಗಿ. ಮಾದರಿ ಮಲ ಅಂದ್ರೆ ಎಂತದು?” ಅಂದರು. ಕೇರಿ ಇಡೀ ನಕ್ಕಿತು. ನಾನೂ ನಕ್ಕೆ, ಮನೆಗೆ ಬಂದು ಹರಿದು ಹಾಕಿದೆ.

ಕಾರ್ಡ್ 2, ನವೆಂಬರ್

ಈ ಸಲ ಚಿತ್ರ. ಕಿಟ್ ಜೊತೆ ಬಂದ ಚೀಟಿ ನೋಡಿ ಬರೆದೆ. ಅದರಲ್ಲಿ ಕುರ್ಚಿಯಂಥ ಕಮೋಡು, ಅದರ ಮೇಲೆ ಅಡ್ಡ ಹಾಸಿದ ಕಾಗದ. ನಮ್ಮ ಕೇರಿಯಲ್ಲಿ ಎಲ್ಲರದ್ದೂ ಕುಕ್ಕರುಗಾಲಲ್ಲಿ ಕೂರುವ ಕಕ್ಕಸು. ಕಾಗದ ಎಲ್ಲಿ ಹಾಸುವುದು? 20 ಬಾಟಲಿ ಕೊಟ್ಟೆ, ವಾಪಸ್ ಬಂದದ್ದು 7. ಅದರಲ್ಲಿ ಎರಡರ ತುಂಬಾ ನೀರು. ಒಂದರಲ್ಲಿ ಚಮಚದಲ್ಲಿ ತುಂಬಿ, ಒತ್ತಿ, ಮುಚ್ಚಳ ಹಾಕಲಾಗದೆ ರಬ್ಬರ್ ಬ್ಯಾಂಡ್ ಹಾಕಿ ಕೊಟ್ಟಿದ್ದರು. ಅವರ ಶ್ರದ್ಧೆಗೆ ಕೈ ಮುಗಿಯಬೇಕು. ಬೇಕಾಗಿದ್ದು ಅಕ್ಕಿಕಾಳಿನಷ್ಟು. ಮುಚ್ಚಳಕ್ಕೇ ಅಂಟಿಕೊಂಡ ಕಡ್ಡಿ ಇರುತ್ತದೆ. ಅದರ ತುದಿಯ ಗೀರುಗಳಿಗೆ ಮೆತ್ತಿದಷ್ಟು ಸಾಕು. ನಾಲ್ಕೈದು ಕಡೆ ಚುಚ್ಚಿ, ವಾಪಸ್ ಬಾಟಲಿಗೆ ಹಾಕಿ ತಿರುಗಿಸಿದರೆ ಮುಗಿಯಿತು.

ಇನ್ನು ಕೆಳಗೆ ಎಂತದು ಹಾಸುವುದು ಅನ್ನುವ ದೊಡ್ಡ ಪ್ರಶ್ನೆ. ಇದಕ್ಕೇ ಒಂದು ತಿಂಗಳು ಹೋಯಿತು ಅಂದರೆ ನಂಬುತ್ತೀರಾ? ಹಳೆ ಪೇಪರ್ ಅಂದೆ. “ಅಕ್ಷರ ಇರೋ ಪೇಪರ್ ಮೇಲಾ? ಸರಸ್ವತಿ ಅಲ್ವಾ!” ಬಾಳೆಲೆ ಅಂದೆ. ಊಟದ ಎಲೆ. ಅಡಿಕೆ ಹಾಳೆ? ಅದೂ ಊಟದ ತಟ್ಟೆ. ಕೆಸುವಿನ ಎಲೆ ಅಂತ ಯಾರೋ ಅಂದರು, ಪತ್ರೊಡೆ ನೆನಪಾಗಿ ಎಲ್ಲರೂ ಮುಖ ಕಿವುಚಿದರು. ಸಾಗವಾನಿ ಎಲೆ ಅಗಲ ಇದೆ, ಪುಕ್ಕಟೆ ಸಿಗುತ್ತದೆ. ಆದರೆ ಎಳೆ ಎಲೆ ಉಜ್ಜಿದರೆ ಕೈ ಕೆಂಪಾಗುತ್ತದೆ. ಪರೀಕ್ಷೆಗೆ ಅದರಿಂದ ಏನೂ ಆಗುವುದಿಲ್ಲ, ನೋಡಿದವರ ಎದೆ ಒಡೆಯುತ್ತದೆ ಅಷ್ಟೇ. ಕೊನೆಗೆ ದಾರಿ ತೋರಿಸಿದ್ದು ಅದೇ ಮೊಮ್ಮಗಳು. ಶಾಲೆ ಪುಸ್ತಕಕ್ಕೆ ಬೈಂಡ್ ಹಾಕುವ ಖಾಕಿ ಕಾಗದ! ಗಟ್ಟಿ ಇದೆ, ಅಕ್ಷರ ಇಲ್ಲ, ದೇವರ ಫೋಟೋ ಇಲ್ಲ. ಈಗ ಪ್ರತಿ ಬಾಟಲಿ ಜೊತೆ ಒಂದು ಖಾಕಿ ಹಾಳೆ ಮಡಚಿ ಕೊಡುತ್ತೇನೆ.

ಕಾರ್ಡ್ 3, ಜನವರಿ

ನನಗೆ ಬುದ್ಧಿ ಬಂದದ್ದು ಇಲ್ಲಿ. ಅಲ್ಲಿಯವರೆಗೆ ಎಲ್ಲ ವಿವರಿಸಿ ಕೊನೆಗೆ “ಅರ್ಥ ಆಯ್ತಾ?” ಅಂತ ಕೇಳುತ್ತಿದ್ದೆ. ಎಲ್ಲರೂ “ಹೂಂ” ಅನ್ನುತ್ತಿದ್ದರು. ಬಿಳಿ ಕೋಟು ಹಾಕಿದವರ ಎದುರು ಯಾರು ಇಲ್ಲ ಅಂತಾರೆ? ನಾನೂ ಬ್ಯಾಂಕಿನಲ್ಲಿ ಹೂಂ ಅಂದೇ ಸೈನ್ ಹಾಕುವುದು. ಈಗ ಬೇರೆ ತರ ಕೇಳುತ್ತೇನೆ. “ನಾ ಸರಿಯಾಗಿ ಹೇಳಿದೆನಾ ಗೊತ್ತಾಗ್ಲಿಲ್ಲ. ಮನೆಗೆ ಹೋಗಿ ಯಜಮಾನ್ರಿಗೆ ಎಂತ ಹೇಳ್ತೀರಿ, ಒಂದ್ಸಲ ಹೇಳಿ ನೋಡುವ.” ಆಗ ನಿಜ ಹೊರಗೆ ಬರುತ್ತದೆ. ತಪ್ಪು ಅವರದ್ದಲ್ಲ, ನನ್ನ ಮಾತಿನದ್ದು. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ಕಾರ್ಡ್ ತಿದ್ದುತ್ತೇನೆ. ಜೇಡಿಮಣ್ಣಿನ ಉಂಡೆ ಇಟ್ಟು, ಕಡ್ಡಿ ಕೈಗೆ ಕೊಟ್ಟು ಒಮ್ಮೆ ಮಾಡಿಸಿಯೂ ಬಿಡುತ್ತೇನೆ.

ಅವರ ಬಾಯಿಂದ ಬಂದ ಪ್ರಶ್ನೆಗಳಲ್ಲಿ ಒಂದು ನನಗೆ ಹೊಳೆದೇ ಇರಲಿಲ್ಲ. “ನಿನ್ನೆ ಬಂಗಡೆ ತಿಂದಿದ್ದೆ, ತೊಂದ್ರೆ ಇಲ್ವಾ?” ಒಳ್ಳೆ ಪ್ರಶ್ನೆ. ಹಳೆ ಕಾಲದ ಪರೀಕ್ಷೆಗೆ ಕೆಂಪು ಮಾಂಸ, ಕೆಲವು ತರಕಾರಿ ಎಲ್ಲ ಬಿಡಬೇಕಿತ್ತು. ಈಗಿನದು ಮನುಷ್ಯರ ರಕ್ತವನ್ನು ಮಾತ್ರ ಗುರುತು ಹಿಡಿಯುತ್ತದೆ. ಪಥ್ಯ ಇಲ್ಲ. ಮೀನು ಬಿಡಿ ಅಂದಿದ್ದರೆ ಈ ಕರಾವಳಿಯಲ್ಲಿ ನನ್ನ ಬಾಟಲಿ ಒಂದೂ ವಾಪಸ್ ಬರುತ್ತಿರಲಿಲ್ಲ.

ಇನ್ನೊಂದು: “ರಕ್ತ ಇದ್ರೆ ಕಣ್ಣಿಗೆ ಕಾಣೂದಿಲ್ವಾ?” ಇದಕ್ಕೆ ಗಜನಿ (ಹೊಳೆಯ ಉಪ್ಪು ನೀರು ಬರುವ ಗದ್ದೆ) ಬದಿಯ ಬಾವಿ ನೆರವಿಗೆ ಬಂತು. ಬೇಸಿಗೆಯಲ್ಲಿ ಬಾವಿಗೆ ಉಪ್ಪು ನೀರು ನುಗ್ಗಿದರೆ ಕಣ್ಣಿಗೆ ಗೊತ್ತಾಗುತ್ತದಾ? ನೀರು ತಿಳಿಯಾಗೇ ಇರುತ್ತದೆ. ನಾಲಿಗೆಗೆ ಗೊತ್ತಾಗುತ್ತದೆ. ಈ ಬಾಟಲಿ ಆ ನಾಲಿಗೆ. ಕರುಳಿನ ಒಳಗೋಡೆಯಲ್ಲಿ ಸಣ್ಣ ಗಂಟು ಏಳುವುದನ್ನು ಮಳೆಗಾಲದ ಅಣಬೆಗೆ ಹೋಲಿಸಿದೆ. ಹಳೆ ದಿಮ್ಮಿಯ ಮೇಲೆ ಏಳುತ್ತದಲ್ಲ, ಹಾಗೆ. ಎಲ್ಲ ಗಂಟೂ ಕೆಟ್ಟದ್ದಲ್ಲ. ಕೆಟ್ಟದ್ದಾಗುವುದಕ್ಕೂ ಸಾಮಾನ್ಯವಾಗಿ ಹತ್ತು ವರ್ಷದಷ್ಟು ಹಿಡಿಯುತ್ತದೆ. ಅಷ್ಟರೊಳಗೆ ಕೊಯ್ದು ತೆಗೆದರೆ ಕ್ಯಾನ್ಸರ್ ಆಗುವುದೇ ತಪ್ಪುತ್ತದೆ. ಈ ಕಾಯಿಲೆಯಲ್ಲಿ ನನಗೆ ಇಷ್ಟವಾಗುವ ಒಂದೇ ಸಂಗತಿ ಇದು.

“ಪಾಸಿಟಿವ್” ಅನ್ನುವ ಪದ ಕಾರ್ಡಿನಿಂದ ತೆಗೆದುಹಾಕಿದೆ. ಕೊರೊನಾ ಆದಮೇಲೆ ಆ ಪದ ಕೇಳಿದರೆ ಜನ ಮನೆಗೆ ಪಟ್ಟಿ ಕಟ್ಟುತ್ತಾರೆ ಅಂದುಕೊಳ್ಳುತ್ತಾರೆ. ಈಗ “ರಕ್ತ ಕಂಡಿತು”, “ರಕ್ತ ಕಾಣಲಿಲ್ಲ” ಅಷ್ಟೇ. ಕಂಡಿತು ಅಂದರೆ ಕ್ಯಾನ್ಸರ್ ಅಂತಲ್ಲ, ಹೆಚ್ಚಿನವರಿಗೆ ಬೇರೇನೋ ಇರುತ್ತದೆ. ಕಾಣಲಿಲ್ಲ ಅಂದರೆ ಮುಂದಿನ ವರ್ಷ ಮತ್ತೆ ಕೊಡಬೇಕು.

ಒಬ್ಬರು ಮಾವ ಬಂದು, “ನಂಗೆ ಮೂರು ತಿಂಗಳಿಂದ ರಕ್ತ ಬೀಳ್ತದೆ, ತೂಕವೂ ಇಳಿದಿದೆ, ಒಂದು ಬಾಟ್ಲಿ ಕೊಡು” ಅಂದರು. ಕೊಡಲಿಲ್ಲ. ಸೀದಾ ಡಾಕ್ಟ್ರ ಹತ್ತಿರ ಕಳಿಸಿದೆ. ಈ ಬಾಟಲಿ ಏನೂ ತೊಂದರೆ ಇಲ್ಲದವರಿಗೆ. ಕಣ್ಣಿಗೇ ರಕ್ತ ಕಾಣುವವರಿಗೆ, ಸಂಡಾಸಕ್ಕೆ ಹೋಗುವ ರೀತಿ ಬದಲಾದವರಿಗೆ, ಕಾರಣವಿಲ್ಲದೆ ರಕ್ತಹೀನತೆ ಬಂದವರಿಗೆ ಇದಲ್ಲ. ಇದನ್ನು ಕಾರ್ಡಿನ ಹಿಂದುಗಡೆ ಹಾಕಿದ್ದು ತಪ್ಪು. ಈಗ ಮುಂದೆ, ಎಲ್ಲಕ್ಕಿಂತ ಮೇಲೆ ಹಾಕಿದ್ದೇನೆ.

ಈ ಸುತ್ತಿನಲ್ಲಿ 24 ಕೊಟ್ಟೆ, 19 ವಾಪಸ್ ಬಂತು. ಎರಡು ಕೇರಿಯ ಲೆಕ್ಕ ಇದು, ಇದರಿಂದ ಯಾರೂ ಏನೂ ತೀರ್ಮಾನ ಮಾಡಬೇಡಿ. ಮೊದಲು ತಂದುಕೊಟ್ಟವರು ಮೀನಿನ ಅಜ್ಜಿ. ಬೆಳಿಗ್ಗೆ ಬಂದರಿಗೆ ಹೋಗುವ ಮೊದಲೇ ಲ್ಯಾಬಿನ ಮೆಟ್ಟಿಲ ಮೇಲೆ ಕೂತಿದ್ದರು. ಬಾಟಲಿ ಸೆರಗಿನ ಗಂಟಿನಲ್ಲಿ.

ಕಾರ್ಡ್ 4, ಮಾರ್ಚ್

ಬಿಸಿಲಿನ ಸಾಲು ಸೇರಿಸಿದೆ. ಒಬ್ಬರು ಬಾಟಲಿಯನ್ನು ಬೈಕಿನ ಡಿಕ್ಕಿಯಲ್ಲಿ ಎರಡು ದಿನ ಇಟ್ಟು ಮರೆತಿದ್ದರು. ಸೆಕೆಗೆ ರಕ್ತದ ಅಂಶ ಒಡೆದುಹೋಗುತ್ತದೆ. ಇದ್ದ ರಕ್ತವೂ ಇಲ್ಲ ಅಂತ ತೋರಿಸಬಹುದು. ಅವರಿಗೆ ಹೊಸ ಬಾಟಲಿ ಕೊಟ್ಟೆ. ಫ್ರಿಜ್ಜಿನಲ್ಲಿಡಿ ಅಂತ ಇನ್ನೊಬ್ಬರಿಗೆ ಹೇಳಿ, ದೋಸೆ ಹಿಟ್ಟಿನ ಪಕ್ಕ ಅದನ್ನು ಕಂಡ ಸೊಸೆ, ಅತ್ತೆ ನಡುವೆ ಜಗಳ ಹಚ್ಚಿದೆ. ಈಗ ನಿಯಮ ಒಂದೇ: ತೆಗೆದ ದಿನವೇ, ಬೆಳಿಗ್ಗೆ 11ರ ಒಳಗೆ ತನ್ನಿ. ಏಪ್ರಿಲ್, ಮೇ ತಿಂಗಳಲ್ಲಿ ಕೊಡುವುದನ್ನೇ ನಿಲ್ಲಿಸಿದೆ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ ಇರುತ್ತದೆ. ಗಂಡಸರು ಮನೆಯಲ್ಲೇ ಸಿಗುತ್ತಾರೆ, ಮಳೆ ಬಂದು ತಂಪೂ ಆಗಿರುತ್ತದೆ. ಮುಂದಿನ ಸುತ್ತು ಆಗಲೇ.

ಇಲ್ಲಿಯವರೆಗೆ ಮೂವರಲ್ಲಿ ರಕ್ತ ಕಂಡಿದೆ. ಒಬ್ಬರು ನಿವೃತ್ತ ಡ್ರೈವರ್. ಮಣಿಪಾಲಕ್ಕೆ ಹೋಗಿ ಕೊಲೊನೋಸ್ಕೋಪಿ ಮಾಡಿಸಿದರು, ಅಂದರೆ ಸಪೂರ ಪೈಪಿನಲ್ಲಿ ಕ್ಯಾಮೆರಾ ಹಾಕಿ ಕರುಳಿನ ಒಳಗೆ ನೋಡುವುದು. ಹಿಂದಿನ ದಿನ ಕರುಳು ತೊಳೆಯುವ ಔಷಧ ಕುಡಿಯಬೇಕು. “ರಾತ್ರಿಯಿಡೀ ಕಕ್ಕಸಿನಲ್ಲೇ ಸಂಸಾರ” ಅಂದರು. ಅದನ್ನು ಕುಡಿದು ಇಲ್ಲಿಂದ ಬಸ್ಸಿನಲ್ಲಿ ಹೋಗುವುದು ಆಗದ ಮಾತು. ಉಡುಪಿಯಲ್ಲಿ ನೆಂಟರ ಮನೆಯಿತ್ತು, ಬಚಾವ್. ನೆಂಟರಿಲ್ಲದವರು ಎಲ್ಲಿ ಉಳಿಯಬೇಕು ಅನ್ನುವುದಕ್ಕೆ ನನ್ನ ಕಾರ್ಡಿನಲ್ಲಿ ಚಿತ್ರ ಇಲ್ಲ. ಅವರಿಗೆ ಎರಡು ಗಂಟು ಇತ್ತು, ನೋಡುವಾಗಲೇ ತೆಗೆದರು. ಊರಿಗೆ ಬಂದು ಎಲ್ಲರಿಗೂ ಹೇಳುತ್ತಿರುವುದೇನು ಗೊತ್ತಾ? “ಎಂತದೂ ಇರ್ಲಿಲ್ಲ, ಸುಮ್ನೆ ಹೋದೆ.” ತಲೆ ಚಚ್ಚಿಕೊಳ್ಳುವ ಹಾಗಾಯಿತು. ಎರಡನೆಯವರಿಗೆ ನಿಜವಾಗಿಯೂ ಬರೀ ಮೂಲವ್ಯಾಧಿ.

ಮೂರನೆಯವರು ಅಂಕೋಲಾ ಕಡೆಯಿಂದ ಇಲ್ಲಿ ಮಗಳ ಮನೆಗೆ ಬಂದಿದ್ದ ಅಮ್ಮ. ನಿನ್ನೆ ಸಿಕ್ಕಿದರು, ಮುಖದ ತುಂಬಾ ನಗು. “ಕಾರ್ಡಲ್ಲಿ ಹೇಳಿದ ಹಾಗೇ ಮಾಡ್ದೆ ತಂಗಿ. ಎಲ್ಲಾ ಸರಿ ಇದ್ಯಂತೆ.” ಕಾರ್ಡ್ 4ರ ಕೊನೆಯ ಚೌಕದಲ್ಲಿ ನಾನು ಬರೆದಿದ್ದು: “ರಕ್ತ ಕಂಡರೆ ಮುಂದಿನ ತಪಾಸಣೆ ಮಾಡಿಸಿ.” ಪಕ್ಕದಲ್ಲಿ ಲ್ಯಾಬಿನ ಚಿತ್ರ. ಅವರು ಬೇರೆ ಲ್ಯಾಬಿಗೆ ಹೋಗಿ ಅದೇ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿಸಿದ್ದಾರೆ. ರಕ್ತ ಕಾಣಲಿಲ್ಲ. ಅವರ ಮಟ್ಟಿಗೆ ಕತೆ ಮುಗಿಯಿತು.

ಗಂಟು ದಿನಾ ರಕ್ತ ಸುರಿಸುವುದಿಲ್ಲ. ಒಂದು ದಿನ ಜಿನುಗುತ್ತದೆ, ಇನ್ನೊಂದು ದಿನ ಇಲ್ಲ. ಒಮ್ಮೆ ಕಂಡ ಮೇಲೆ ಎರಡನೇ ಸಲ ಕಾಣದಿದ್ದರೆ ಮೊದಲನೆಯದು ಸುಳ್ಳಾಗುವುದಿಲ್ಲ. ಒಳಗೆ ನೋಡಲೇಬೇಕು. ಇದು ನನಗೆ ಎಷ್ಟು ಗೊತ್ತಿತ್ತೆಂದರೆ, ಬರೆಯಬೇಕು ಅಂತಲೇ ಅನ್ನಿಸಿರಲಿಲ್ಲ. ಬಾಟಲಿ ತರುವುದು ಹೇಗೆ ಅಂತ ಹೇಳಿಸಿ ನೋಡಿದ್ದೆ. ರಕ್ತ ಕಂಡರೆ ಎಂತ ಮಾಡ್ತೀರಿ ಅಂತ ಒಬ್ಬರ ಬಾಯಲ್ಲೂ ಹೇಳಿಸಿರಲಿಲ್ಲ. ರಾತ್ರಿ ನಿದ್ದೆ ಬರಲಿಲ್ಲ. ಆ ಅಮ್ಮನ ಮಗಳ ಜೊತೆ ಕೂತು ಮತ್ತೆ ಮಾತಾಡಿದೆ. ಅವರ ಊರ ಜಾತ್ರೆ ಬಂಡಿಹಬ್ಬ ಮುಗಿಯಲಿ, ಹೋಗುತ್ತೇವೆ ಅಂದಿದ್ದಾರೆ.

ಕಾರ್ಡ್ 5, ಇವತ್ತು

ಕೊನೆಯ ಚೌಕ: “ರಕ್ತ ಕಂಡರೆ ಇದೇ ಪರೀಕ್ಷೆ ಮತ್ತೆ ಬೇಡ. ಡಾಕ್ಟ್ರ ಹತ್ತಿರ ಹೋಗಿ. ಕರುಳಿನ ಒಳಗೆ ಕ್ಯಾಮೆರಾ ಹಾಕಿ ನೋಡಬೇಕು.” ಪಕ್ಕದ ಮನೆಯ ಅಕ್ಕನಿಗೆ ತೋರಿಸಿ ಹೇಳಿಸಿದೆ. ಎಲ್ಲ ಸರಿಯಾಗಿ ಹೇಳಿ, “ಆ ಫೋಟೋ ವಾಟ್ಸಾಪಲ್ಲಿ ಎಲ್ಲಾ ಕಡೆ ಹೋಗ್ತದಾ?” ಅಂದಳು. ಹಾಗಾದರೆ ಕ್ಯಾಮೆರಾ ಬೇಡ. “ದೀಪ ಇರುವ ಸಪೂರ ಪೈಪು” ಅಂತ ಮಾಡಿದೆ.

ದೊಡ್ಡಪ್ಪನ ಮಗ ರಜೆಗೆ ಬೆಂಗಳೂರಿನಿಂದ ಬಂದಿದ್ದಾನೆ. ನನಗೆ ಅಣ್ಣ. ಇಂಜಿನಿಯರ್, ವಯಸ್ಸು 41. ಅಪ್ಪನಿಗೆ 48ರಲ್ಲಿ ಬಂದಿತ್ತು ಅಂದರೆ ಮಗ ಅದಕ್ಕಿಂತ ಹತ್ತು ವರ್ಷ ಮೊದಲು, 38ಕ್ಕೇ ಕೊಲೊನೋಸ್ಕೋಪಿ ಮಾಡಿಸಬೇಕಿತ್ತು. ಮೂರು ವರ್ಷದಿಂದ ಹೇಳುತ್ತಿದ್ದೇನೆ. ಇಂಟರ್ನೆಟ್ಟಿನಲ್ಲಿ ನನಗಿಂತ ಜಾಸ್ತಿ ಓದಿದ್ದಾನೆ. ಓದಿದಷ್ಟೂ ಮುಂದೂಡುತ್ತಾನೆ. ಮೀನಿನ ಅಜ್ಜಿಗೂ ಇವನಿಗೂ ನಡುವೆ ಆರೋಗ್ಯದ ತಿಳುವಳಿಕೆ ಯಾರಿಗೆ ಕಡಿಮೆ ಅಂತ ಕೇಳಿದರೆ ನಾನು ಉತ್ತರ ಕೊಡುವುದಿಲ್ಲ.

ಖಾಕಿ ಹಾಳೆ ಕತ್ತರಿಸಲು ಕೂರಿಸಿದೆ. ಕತ್ತರಿಸುತ್ತಾ ಕಾರ್ಡ್ 5 ಓದಿದ. “ಇದರಲ್ಲಿ 45 ದಾಟಿದವರು ಅಂತ ಇದೆ. ನನ್ನಂಥವರಿಗೆ ಇಲ್ಲಿ ಜಾಗವೇ ಇಲ್ಲ, ನೋಡು” ಅಂದ. ಅವನು ಹೇಳಿದ್ದು ತಪ್ಪಿಸಿಕೊಳ್ಳಲಿಕ್ಕೆ. ಆದರೆ ಮಾತು ಸರಿ ಇತ್ತು. ಅಲ್ಲೇ ಪೆನ್ನಿನಲ್ಲಿ ಬರೆದೆ: “ಅಪ್ಪ, ಅಮ್ಮ, ಒಡಹುಟ್ಟಿದವರಿಗೆ ಬಂದಿದ್ದರೆ 45ರ ತನಕ ಕಾಯಬೇಡಿ. ಬಾಟಲಿ ಬೇಡ, ಡಾಕ್ಟ್ರ ಹತ್ತಿರ ಹೋಗಿ.”

ನಾಳೆ ಪ್ರಿಂಟಿಗೆ ಕೊಡಬೇಕು, ಈ ಸಲ 10 ಪ್ರತಿ ಮಾತ್ರ. ಕಾರವಾರ ಕಡೆಯವರಿಗೆ ಕೊಂಕಣಿಯಲ್ಲಿ ಒಂದು ಬೇಕು, ಕನ್ನಡ ಲಿಪಿಯಲ್ಲೇ ಸಾಕು. ಖಾಕಿ ಹಾಳೆ 40 ಆಗಿದೆ. ನೋಟ್‌ಬುಕ್ಕಿನಲ್ಲಿ ಅಣ್ಣನ ಹೆಸರೂ ಬರೆದಿದ್ದೇನೆ, ತಾರೀಖಿನ ಜಾಗ ಖಾಲಿ ಇದೆ.