ಓಟಿಪಿ ಬರುವ ಜಾಗ

ಇಂದು ಹೊಸನಗರದ ಕಡೆಯ ಸೇವಾ ಕೇಂದ್ರವೊಂದರಲ್ಲಿ, ವಿದ್ಯಾರ್ಥಿವೇತನದ ಅರ್ಜಿ ಹಾಕಲು ಬಂದಿದ್ದ ಪಿಯುಸಿ ಹುಡುಗಿಯೊಬ್ಬಳು ಆಧಾರ್ ಓಟಿಪಿಗಾಗಿ ಫೋನನ್ನು ಜಗಲಿಯ ಅಡಿಕೆ ದಬ್ಬೆಯ ಮೇಲಿಟ್ಟು, ಪರದೆಯಲ್ಲಿದ್ದ ಒಂದೇ ಒಂದು ಸಿಗ್ನಲ್ ಗೆರೆಯನ್ನು ದಿಟ್ಟಿಸುತ್ತ ನಿಂತಿದ್ದಳು. ಕೈಗೆತ್ತಿಕೊಂಡರೆ ಆ ಗೆರೆಯೂ ಹೋಗುತ್ತಿತ್ತು. ಓಟಿಪಿಯ ಅವಧಿ ಹತ್ತು ನಿಮಿಷ. ಸಂದೇಶ ಬರುವಷ್ಟರಲ್ಲಿ ಅದು ಮುಗಿದಿತ್ತು.

"ಇನ್ನೊಂದ್ಸಲ ಕಳ್ಸಿ ಅಣ್ಣಾ" ಎಂದಳು.

2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ ಪೈಪೋಟಿಯಿಂದ ಡೇಟಾ ಅಗ್ಗವಾಯಿತೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಪೈಪೋಟಿ ನಡೆಯುವುದು ಗಿರಾಕಿಗಳು ಒತ್ತಾಗಿರುವ ಕಡೆ. ಗುಡ್ಡಕ್ಕೊಂದು ಮನೆಯಿರುವ ಮಲೆನಾಡಿನಲ್ಲಿ ಟವರಿನ ಖರ್ಚು ಯಾವ ಕಂಪನಿಗೂ ಹುಟ್ಟುವುದಿಲ್ಲ. 2024ರ ಜುಲೈನಲ್ಲಿ ಮೂರೂ ಖಾಸಗಿ ಕಂಪನಿಗಳು ದರ ಏರಿಸಿದಾಗ ಮಾತ್ರ ನಾವೂ ಶಿವಮೊಗ್ಗ ಪೇಟೆಯವರಷ್ಟೇ ಹಣ ತೆತ್ತೆವು.

ಇಂಥ ಊರುಗಳಿಗಾಗಿಯೇ ಟೆಲಿಕಾಂ ಕಂಪನಿಗಳ ಲೆಕ್ಕಕ್ಕೆ ಬರುವ ಆದಾಯದಲ್ಲಿ ಶೇ. 5ರಷ್ಟನ್ನು ಕೇಂದ್ರ ಸರ್ಕಾರ ಪಡೆಯುತ್ತದೆ. ಆ ನಿಧಿಗೆ ಈಗ ಡಿಜಿಟಲ್ ಭಾರತ್ ನಿಧಿ ಎಂದು ಹೆಸರು. ನೆಟ್‌ವರ್ಕ್ ಕೊಡದಿದ್ದರೆ ಮತವಿಲ್ಲ ಎಂದು ಬೋರ್ಡು ಹಾಕಿದ ಹಳ್ಳಿಗಳು ನಮ್ಮ ಜಿಲ್ಲೆಯಲ್ಲಿವೆ. ಮತ ಕೇಳಲು ಬರುವ ಪ್ರತಿಯೊಬ್ಬರನ್ನೂ, ಪಕ್ಷ ಯಾವುದೇ ಇರಲಿ, ಆ ನಿಧಿಯಲ್ಲಿ ನಮ್ಮ ತಾಲ್ಲೂಕಿಗೆ ಬಂದದ್ದೆಷ್ಟು ಎಂದು ಕೇಳಬೇಕು.

ಟವರು ಬರುವವರೆಗೆ, ಸಿಗ್ನಲ್ ಇಲ್ಲದ ಪಂಚಾಯಿತಿಗಳಲ್ಲಿ ಕಾಗದದ ಅರ್ಜಿಯನ್ನೂ ತೆಗೆದುಕೊಳ್ಳಲಿ. ಕೊನೆಯ ದಿನಾಂಕ ಬೆಂಗಳೂರಿನ ಮಕ್ಕಳಿಗೂ ನಮ್ಮ ಮಕ್ಕಳಿಗೂ ಒಂದೇ ಆಗಿರುವಾಗ, ಇದು ದೊಡ್ಡ ಬೇಡಿಕೆಯೆಂದು ನನಗೆ ಅನಿಸುವುದಿಲ್ಲ.