ಅವ್ವ ಒಪ್ಪದ ಕುಂಬಳಕಾಯಿ

ಧಾರವಾಡದ ಮಳೆಗಾಲದಲ್ಲಿ ಕುಂಬಳಬಳ್ಳಿ ಎಬ್ಬಿಸುವುದು ಸಾಹಸವೇನಲ್ಲ. ತಿಪ್ಪೆಯ ಮೇಲೆ ಎಸೆದ ಬೀಜ ರೋಹಿಣಿ ಮಳೆಗೆ ತಾನಾಗಿ ಮೊಳೆತು, ಶ್ರಾವಣದ ಹೊತ್ತಿಗೆ ಗೋಡೆ ಹತ್ತಿ ಪಕ್ಕದವರ ಬಚ್ಚಲಮನೆಯ ತಗಡಿನ ಮೇಲೆ ಕಾಲು ಚಾಚಿರುತ್ತದೆ. ಕುಂದಗೋಳದ ಕಡೆಯ ಎರೆನೆಲದಲ್ಲಿ ಬೆಳೆದ ನನ್ನ ಅವ್ವನಿಗೆ, ಕುಂಬಳ ಬೆಳೆಯಲು ಮನುಷ್ಯರ ಸಹಾಯ ಬೇಕು ಎಂಬ ಮಾತೇ ನಗೆ ತರಿಸುತ್ತದೆ. ಅಂಥವಳ ಕಣ್ಣೆದುರಿಗೆ, ಮಾಳಮಡ್ಡಿಯ ನಮ್ಮ ಅಂಗೈಯಗಲದ ಹಿತ್ತಲಿನಲ್ಲಿ ನಾನು ಮೊಣಕಾಲುದ್ದದ ಗುಣಿ ತೋಡಿದೆ. ಕೊಟ್ಟಿಗೆ ಗೊಬ್ಬರ ತುಂಬಿದೆ, ಎರೆಹುಳುಗೊಬ್ಬರ ಸುರಿದೆ. ಬಾಣಂತಿಗೂ ಇಷ್ಟು ಉಪಚಾರ ಮಾಡುವುದಿಲ್ಲ ಎಂದು ಅವಳು ಗೊಣಗಿದಳು.

ನಾನು ತರಿಸಿದ ಬೀಜ ಅಟ್ಲಾಂಟಿಕ್ ಜೈಂಟ್ ತಳಿಯದು. ಕೆನಡಾದ ನೋವಾ ಸ್ಕಾಷಿಯಾದ ರೈತ ಹೊವಾರ್ಡ್ ಡಿಲ್ ವರ್ಷಗಟ್ಟಲೆ ದೊಡ್ಡ ಕಾಯಿಗಳ ಬೀಜವನ್ನೇ ಆಯ್ದು ಬಿತ್ತಿ ಬೆಳೆಸಿದ ವಂಶ ಅದು. 1979ರಿಂದ 1982ರವರೆಗೆ ಸತತ ನಾಲ್ಕು ವರ್ಷ ವಿಶ್ವ ಸ್ಪರ್ಧೆಯಲ್ಲಿ ಗೆದ್ದದ್ದು ಅವರ ಕಾಯಿಗಳೇ. 2025ರಲ್ಲಿ ಇಂಗ್ಲೆಂಡಿನ ಅವಳಿ ಸಹೋದರರಾದ ಸ್ಟುವರ್ಟ್ ಮತ್ತು ಇಯಾನ್ ಪ್ಯಾಟನ್ ಬೆಳೆದ ಕುಂಬಳ 1,278.8 ಕಿಲೋ ತೂಗಿ ವಿಶ್ವದಾಖಲೆಯಾಯಿತು. ಹನ್ನೆರಡು ಕ್ವಿಂಟಲ್ ದಾಟಿದ ಕಾಯಿ ಎಂದು ಅವ್ವನಿಗೆ ಬಿಡಿಸಿ ಹೇಳಿದೆ. "ಅದನ್ನು ಹೆಚ್ಚುವವರು ಯಾರು?" ಎಂದಳು.

ಮೊದಲ ಎಲೆಗಳು ಬಿಚ್ಚಿದ ಕೂಡಲೇ ಕೆಂಪು ದುಂಬಿಗಳು ಬಂದವು. ನಸುಕಿನಲ್ಲಿ ಅವು ಮಂಕಾಗಿರುತ್ತವೆ, ಕೈಯಿಂದಲೇ ಹಿಡಿಯಬಹುದು. ಉಳಿದವಕ್ಕೆ ಒಲೆಯ ಬೂದಿ ಸಾಕಾಯಿತು. ಆಮೇಲೆ ಬಳ್ಳಿಯ ಓಟಕ್ಕೆ ತಡೆಯೇ ಇರಲಿಲ್ಲ. ಗೆಣ್ಣುಗೆಣ್ಣಿಗೂ ಮಣ್ಣು ಏರಿಸಿದರೆ ಅಲ್ಲೆಲ್ಲ ಹೊಸ ಬೇರು ಬಿಡುತ್ತದೆ. ಆ ಬೇರುಗಳೆಲ್ಲ ಕೊನೆಗೆ ದುಡಿಯುವುದು ಕಾಯಿಗಾಗಿಯೇ.

ನಿಜವಾದ ಕೆಲಸ ಶುರುವಾದದ್ದು ಹೂವಿನಿಂದ. ಮೊದಲು ಬರುವುದು ಬರೀ ಗಂಡು ಹೂಗಳು. ಅವ್ವ ಅವನ್ನು ಕಡಲೆಹಿಟ್ಟಿನಲ್ಲಿ ಅದ್ದಿ ಭಜಿ ಮಾಡಿದಳು, ನಾನೂ ಬೇಡವೆನ್ನಲಿಲ್ಲ. ಹೆಣ್ಣು ಹೂವಿನ ಗುರುತು ಅದರ ಬುಡದಲ್ಲಿರುವ ಗೋಲಿ ಗಾತ್ರದ ಹೀಚು. ಅದು ಅರಳುವುದು ಒಂದೇ ಬೆಳಗು. ಹತ್ತು ಗಂಟೆ ದಾಟಿದರೆ ಮುದುಡುತ್ತದೆ. ಆದರೆ ಆಷಾಢದ ಜಿಟಿಜಿಟಿ ಮಳೆಯಲ್ಲಿ ಜೇನು ಹೊರಗೆ ಬರುವುದಿಲ್ಲ, ಪರಾಗವೋ ನೆನೆದರೆ ಕೆಟ್ಟಿತು. ಆದ್ದರಿಂದ ಹಿಂದಿನ ಸಂಜೆಯೇ ಮರುದಿನ ಅರಳಲಿರುವ ಗಂಡು ಮತ್ತು ಹೆಣ್ಣು ಮೊಗ್ಗುಗಳ ತುದಿಗೆ ನೂಲು ಸುತ್ತಿಟ್ಟೆ. ಬೆಳಗಾಗುತ್ತಲೇ ಕೊಡೆಯನ್ನು ಹೆಗಲು ಮತ್ತು ಕೆನ್ನೆಯ ನಡುವೆ ಸಿಕ್ಕಿಸಿಕೊಂಡು ಕೆಸರಿನಲ್ಲಿ ಕುಕ್ಕರಗಾಲಿನಲ್ಲಿ ಕುಳಿತೆ. ಗಂಡು ಹೂವಿನ ಎಸಳುಗಳನ್ನೆಲ್ಲ ಸುಲಿದರೆ ನಡುವೆ ಹಳದಿ ಪುಡಿ ಮೆತ್ತಿದ ಕಡ್ಡಿಯೊಂದು ಉಳಿಯುತ್ತದೆ. ಅದನ್ನು ಹೆಣ್ಣು ಹೂವಿನ ಒಳಗಿನ ಅಂಟಂಟು ಹಾಲೆಗಳಿಗೆ ಒಂದೊಂದಾಗಿ ಸವರಿ, ಹೂವನ್ನು ಮತ್ತೆ ಮುಚ್ಚಿ ನೂಲು ಕಟ್ಟಿದೆ. ಪಕ್ಕದ ಮನೆಯವರು ಗೋಡೆಯಾಚೆಯಿಂದ ನೋಡಿ, "ಏನು, ಬೆಳಗ್ಗೆಯೇ ಹೂವಿಗೆ ಕೊಡೆ ಹಿಡಿದಿದ್ದೀರಿ?" ಎಂದರು. ಮದುವೆ ಮಾಡಿಸುತ್ತಿದ್ದೇನೆ ಎಂದೆ. ಅಕ್ಕಿಕಾಳು ತರಲೇ ಎಂದು ಕೇಳಿ ಒಳಗೆ ಹೋದರು.

ಕಾಯಿ ಕಚ್ಚಿತು. ಅಲ್ಲಿಂದಲೇ ಮನೆಯಲ್ಲಿ ಜಗಳ.

ದೊಡ್ಡ ಕಾಯಿ ಬೇಕೆಂದರೆ ಬಳ್ಳಿಗೆ ಒಂದನ್ನೇ ಬಿಡಬೇಕು, ಉಳಿದ ಹೀಚುಗಳನ್ನೆಲ್ಲ ಚಿವುಟಬೇಕು. ನಮ್ಮ ಮನೆಯಲ್ಲಿ ಕುಂಬಳದ ಹೀಚಿಗೆ ಬೆರಳು ತೋರಿಸುವುದೂ ತಪ್ಪು. ತೋರಿಸಿದರೆ ಕೊಳೆತು ಉದುರುತ್ತದಂತೆ. ತೋರಿಸಲೇಬೇಕಾದರೆ ಬೆರಳು ಮಡಚಿ ತೋರಿಸಬೇಕು. ಪರಾಗ ಸೇರದ ಹೀಚು ಹಳದಿಯಾಗಿ ಬೀಳುತ್ತದೆ, ಇಲ್ಲವೇ ಹಣ್ಣುನೊಣ ಎಳೆಯ ಸಿಪ್ಪೆಯೊಳಗೆ ಮೊಟ್ಟೆಯಿಟ್ಟು ಕೊಳೆಸುತ್ತದೆ ಎಂದು ಹೇಳಿ ನೋಡಿದೆ. ನೊಣಕ್ಕೆಂದು ಕ್ಯೂ ಲ್ಯೂರ್ ಬಲೆಯ ಡಬ್ಬಿ ತೂಗುಹಾಕಿ, ಒಳಗೆ ಬಿದ್ದ ನೊಣಗಳನ್ನೂ ತೋರಿಸಿದೆ. "ಬೆರಳು ತೋರಿಸಲು ಅಂಜುವ ಮನೆಯಲ್ಲಿ ನೀನು ಕತ್ತನ್ನೇ ಹಿಚುಕುತ್ತಿದ್ದೀಯ" ಎಂದಳು ಅವ್ವ. ಈ ಮಾತಿಗೆ ಕೃಷಿ ವಿಜ್ಞಾನದಲ್ಲಿ ಉತ್ತರವಿಲ್ಲ. ಚಿವುಟಿದ ಹೀಚುಗಳನ್ನು ಅವಳು ಪಲ್ಯ ಮಾಡಿ ಬಡಿಸಿದಳು, ಆದರೆ ತಾನು ಮಾತ್ರ ಬಡಿಸಿಕೊಳ್ಳಲಿಲ್ಲ.

ಉಳಿಸಿಕೊಂಡ ಕಾಯಿಯ ಕೆಳಗೆ ಮರಳು ಹರವಿದೆ, ಮೇಲೆ ಹಳೆಯ ಪಂಚೆಯ ನೆರಳು ಕಟ್ಟಿದೆ. ಬಿಸಿಲಿಗೆ ಸಿಪ್ಪೆ ಬೇಗ ಗಟ್ಟಿಯಾದರೆ ಒಳಗಿನ ಬೆಳವಣಿಗೆಗೆ ಅದು ಹಿಗ್ಗದೆ ಸೀಳುತ್ತದೆ. ದಾಖಲೆಯ ಕಾಯಿಗಳು ಭರದಲ್ಲಿರುವಾಗ ದಿನಕ್ಕೆ ಇಪ್ಪತ್ತು ಕಿಲೋಗೂ ಹೆಚ್ಚು ತುಂಬಿಕೊಳ್ಳುತ್ತವೆ. ನಮ್ಮದರ ನಡಿಗೆ ಧಾರವಾಡದ್ದೇ, ಅವಸರವಿಲ್ಲ. ಆದರೂ ಹೆಂಡತಿಯ ಹೊಲಿಗೆಯ ಅರವತ್ತು ಇಂಚಿನ ಟೇಪು ಒಂದು ಭಾನುವಾರ ಸುತ್ತು ಮುಗಿಸಲು ನಾಲ್ಕು ಬೆರಳು ಕಡಿಮೆ ಬಿದ್ದಾಗ ನನಗಾದ ಹಿಗ್ಗು ಅಷ್ಟಿಷ್ಟಲ್ಲ. ಕಾಯಿ ದುಂಡಗೇನೂ ಇರಲಿಲ್ಲ. ತನ್ನ ಭಾರಕ್ಕೆ ತಾನೇ ಕುಸಿದು, ಒಂದು ಮಗ್ಗುಲಿಗೆ ವಾಲಿ ಚಪ್ಪಟೆಯಾಗಿತ್ತು. ಈ ಜಾತಿಯಲ್ಲಿ ಚೆಲುವನ್ನು ಯಾರೂ ಕೇಳುವುದಿಲ್ಲ.

ಎಲೆಗಳಿಗೆ ಬೂದಿರೋಗ ಬಂತು. ರೋಗ ಹಿಡಿದ ಎಲೆಗಳನ್ನು ಕತ್ತರಿಸುತ್ತಾ ಗೋಡೆಯ ಮೂಲೆಗೆ ಹೋದಾಗ, ಗೋಣಿಚೀಲದ ಕೆಳಗೆ ಇನ್ನೊಂದು ಕಾಯಿ ಸಿಕ್ಕಿತು. ಆಗಲೇ ಕೊಡದಷ್ಟಾಗಿತ್ತು. ಕೆಳಗೆ ಮಟ್ಟಸವಾಗಿ ಹುಲ್ಲು ಹಾಸಿತ್ತು, ತೊಟ್ಟಿನ ಬುಡಕ್ಕೆ ಸುಣ್ಣದ ಬೊಟ್ಟು. ಯಾರ ಕೆಲಸವೆಂದು ಕೇಳಬೇಕಾದ್ದೇನಿತ್ತು? "ಎರಡು ಮಕ್ಕಳಿರುವ ಮನೆಯಲ್ಲಿ ಒಂದಕ್ಕೇ ಊಟ ಹಾಕುತ್ತಾರೆಯೇ?" ಎಂದು ಅವ್ವ ಅಡುಗೆಮನೆಯಿಂದಲೇ ಕೇಳಿದಳು. ಚೀಲವನ್ನು ಮತ್ತೆ ಹೊದಿಸಿ ಬಂದೆ.

ಶೀಗಿ ಹುಣ್ಣಿಮೆಯ ಹಿಂದಿನ ದಿನ ದೊಡ್ಡದನ್ನು ಕತ್ತರಿಸಿದೆವು. ಓಣಿಯಲ್ಲಿ ಬಂದ ಗುಜರಿ ಗಾಡಿಯವರ ತಕ್ಕಡಿಯಲ್ಲಿ, ಹಳೆಯ ಪೇಪರು ಮತ್ತು ಕಬ್ಬಿಣದ ನಡುವೆ ಜಾಗ ಮಾಡಿಸಿ ತೂಗಿಸಿದರೆ 43 ಕಿಲೋ. ಇಂಗ್ಲೆಂಡಿನವರ ಕಾಯಿಯ ಸುಮಾರು ಮೂವತ್ತರಲ್ಲಿ ಒಂದು ಪಾಲು ಅಷ್ಟೇ ಆದರೂ ಓಣಿಯ ಮಕ್ಕಳೆಲ್ಲ ಸೇರಿ ಚಪ್ಪಾಳೆ ತಟ್ಟಿದರು. ಇಡಿಯ ಕುಂಬಳಕ್ಕೆ ಮೊದಲ ಏಟು ಗಂಡಸರೇ ಹಾಕಬೇಕೆಂದು ಅವ್ವ ಕೊಡಲಿಯನ್ನು ನನ್ನ ಕೈಗಿತ್ತಳು. ಒಳಗೆ ಬಹುಪಾಲು ಪೊಳ್ಳು, ನಾರು, ನೀರು. ಭಾರಕ್ಕೆಂದೇ ಬೆಳೆಸಿದ ತಳಿಯಲ್ಲಿ ರುಚಿ ಹುಡುಕುವುದು ನ್ಯಾಯವಲ್ಲ. ಗಾರಿಗೆಗೆ ತುರಿದರೆ ನೀರೊಡೆಯಿತು. ಎಂದಿನದಕ್ಕಿಂತ ಒಂದೂವರೆ ಪಟ್ಟು ಬೆಲ್ಲ, ಮೇಲೆ ಮತ್ತಷ್ಟು ಗೋಧಿಹಿಟ್ಟು ಹಾಕಿದ ಮೇಲೆಯೇ ಅದು ಗಾರಿಗೆ ಅನ್ನಿಸಿಕೊಂಡಿತು. "ಬೆಲ್ಲ ಚೆನ್ನಾಗಿದೆ" ಎಂದಳು ಅವ್ವ, ತಿಂದು ನೋಡಿ.

ಓಣಿಗೆಲ್ಲ ಹಂಚಿದರೂ ಅರ್ಧ ಉಳಿಯಿತು. ಅದನ್ನು ಹಾಲು ತರುವ ಗೌಳಿಗೆ ಕೊಟ್ಟೆವು. ಮರುದಿನ ಬೆಳಗ್ಗೆ ಅವರು ಕ್ಯಾನು ಇಳಿಸುವ ಮೊದಲೇ, ಎಮ್ಮೆಗಳು ಸಿಪ್ಪೆಯನ್ನೂ ಬಿಡಲಿಲ್ಲ, ಇನ್ನೊಂದೇನಾದರೂ ಇದೆಯೇ ಎಂದು ಕೇಳಿದರು.

"ಒಂದಿದೆ, ಒಯ್ಯಿರಿ" ಎಂದಳು ಅವ್ವ. "ಇವನು ಸುಮ್ಮನಿದ್ದಿದ್ದರೆ ಇನ್ನೂ ಹತ್ತು ಇರುತ್ತಿದ್ದವು."