ಚೇಳು ಹುಟ್ಟಿದಾಗ ಬೇಟೆಗಾರ ಎಲ್ಲಿರುತ್ತಾನೆ?

ಗ್ರೀಕರ ಕತೆ ಹೀಗಿದೆ. ಓರಿಯನ್ ಎಂಬ ಬೇಟೆಗಾರ, ಭೂಮಿಯ ಮೇಲೆ ಒಂದು ಪ್ರಾಣಿಯನ್ನೂ ಉಳಿಸುವುದಿಲ್ಲ ಎಂದು ಜಂಬ ಕೊಚ್ಚಿಕೊಂಡ. ಭೂದೇವಿ ಗಾಯಾಗೆ ಸಿಟ್ಟು ಬಂತು. ಒಂದು ಚೇಳನ್ನು ಕಳಿಸಿದಳು, ಅದು ಕುಟುಕಿತು, ಬೇಟೆಗಾರ ಸತ್ತ. ಚೇಳನ್ನು ಕಳಿಸಿದ್ದು ಬೇಟೆಯ ದೇವತೆ ಆರ್ಟೆಮಿಸ್ ಎಂಬ ಪಾಠವೂ ಇದೆ. ಆಮೇಲೆ ಇಬ್ಬರೂ ಆಕಾಶ ಸೇರಿದರು, ಆದರೆ ಎದುರುಬದುರು ದಿಕ್ಕಿನಲ್ಲಿ. ಚೀನೀಯರದು ಇನ್ನೊಂದು ಕತೆ: ದಿನಾ ಕಾದಾಡುತ್ತಿದ್ದ ಅಣ್ಣತಮ್ಮಂದಿರನ್ನು ಅರಸ ದೂರದೂರ ಅಟ್ಟಿದ, ಒಬ್ಬನಿಗೆ ಚೇಳಿನ ಎದೆಯ ನಕ್ಷತ್ರ, ಇನ್ನೊಬ್ಬನಿಗೆ ಓರಿಯನ್ನಿನ ನಕ್ಷತ್ರಗಳು ಪಾಲಿಗೆ ಬಂದವು. ಅವರು ಮತ್ತೆ ಭೇಟಿಯಾಗಲೇ ಇಲ್ಲ.

ವೃಶ್ಚಿಕ ರಾಶಿಯ ಬಗ್ಗೆ ಯಾರು ಬರೆದರೂ ಇದನ್ನು ಹೇಳಿ, 'ಹಾಗಾಗಿ ಎರಡೂ ಒಟ್ಟಿಗೆ ಕಾಣುವುದೇ ಇಲ್ಲ' ಎಂದು ಮುಗಿಸುತ್ತಾರೆ. ಕರ್ನಾಟಕದಿಂದ ನೋಡುವವರಿಗೆ ಈ ಮಾತು ಸುಳ್ಳು. ಪರೀಕ್ಷಿಸುವುದು ಸುಲಭ. ಮೇ 1ರ ಆಸುಪಾಸು, ರಾತ್ರಿ 9 ಗಂಟೆ 5 ನಿಮಿಷಕ್ಕೆ, ಪೂರ್ವ ಪಶ್ಚಿಮ ಎರಡೂ ಬಯಲಾಗಿರುವ ಕಡೆ ನಿಲ್ಲಿ. ಬೆಂಗಳೂರಿನ ಲೆಕ್ಕದಲ್ಲಿ ಪಶ್ಚಿಮದಲ್ಲಿ ಮಹಾವ್ಯಾಧನ (ಓರಿಯನ್ನಿಗೆ ನಮ್ಮ ಹೆಸರು) ಭುಜದ ಆರ್ದ್ರಾ ನಕ್ಷತ್ರ ಇನ್ನೂ ಸುಮಾರು 10 ಡಿಗ್ರಿ ಮೇಲಿರುತ್ತದೆ. ಅದೇ ಹೊತ್ತಿಗೆ ಆಗ್ನೇಯದ ಕಡೆ ಚೇಳಿನ ಎದೆಯ ಜ್ಯೇಷ್ಠಾ 5 ಡಿಗ್ರಿ ಏರಿರುತ್ತದೆ. ಕೈ ನೀಡಿ ಹಿಡಿದ ಮುಷ್ಟಿ ಸುಮಾರು 10 ಡಿಗ್ರಿ. ಅಂದರೆ ಅತ್ತ ಒಂದು ಮುಷ್ಟಿ, ಇತ್ತ ಅರ್ಧ ಮುಷ್ಟಿ. ಜ್ಯೇಷ್ಠಾ ಹುಟ್ಟುವುದು ನೇರ ಪೂರ್ವದಲ್ಲಲ್ಲ, ಅಲ್ಲಿಂದ ದಕ್ಷಿಣಕ್ಕೆ ಹೆಚ್ಚೂಕಮ್ಮಿ ಮೂರು ಮುಷ್ಟಿ ಸರಿದು. ಕಾರವಾರ, ಮಂಗಳೂರಿನ ಕಡೆಯವರು ಹತ್ತು-ಹದಿನೈದು ನಿಮಿಷ ತಡವಾಗಿ ನೋಡಬೇಕು. ದಿನ ಬದಲಾದರೆ ದಿನಕ್ಕೆ 4 ನಿಮಿಷದಂತೆ ಸಮಯ ಹಿಂದಕ್ಕೆ ಬರುತ್ತದೆ: ಏಪ್ರಿಲ್ 20ಕ್ಕಾದರೆ 9 ಗಂಟೆ 50 ನಿಮಿಷ.

ಕಾರಣ ಅಕ್ಷಾಂಶ. ಜ್ಯೇಷ್ಠಾ ಖಗೋಳ ವಿಷುವದ್ವೃತ್ತದಿಂದ (ಭೂಮಧ್ಯರೇಖೆಯ ನೇರಕ್ಕೆ ಆಕಾಶದಲ್ಲಿ ಎಳೆದ ಗೆರೆ) 26 ಡಿಗ್ರಿಗೂ ಹೆಚ್ಚು ದಕ್ಷಿಣದಲ್ಲಿದೆ. ಉತ್ತರಕ್ಕೆ ಹೋದಷ್ಟೂ ಇಂಥ ನಕ್ಷತ್ರ ತಡವಾಗಿ ಹುಟ್ಟಿ ಬೇಗ ಮುಳುಗುತ್ತದೆ. 38 ಡಿಗ್ರಿ ಉತ್ತರದ ಅಥೆನ್ಸಿನಲ್ಲಿ ಅದು ದಿನಕ್ಕೆ ಸುಮಾರು 9 ಗಂಟೆ ಮೇಲಿರುತ್ತದೆ, 13 ಡಿಗ್ರಿಯ ಬೆಂಗಳೂರಿನಲ್ಲಿ 11 ಗಂಟೆಗೂ ಹೆಚ್ಚು. ಹೀಗಾಗಿ ಅಲ್ಲಿ ಈಗ ಸುಮಾರು ಇಪ್ಪತ್ತು ನಿಮಿಷ ಇರುವ ಮುಖಾಮುಖಿ ಇಲ್ಲಿ ಒಂದು ಗಂಟೆಯಷ್ಟು ಹಿಗ್ಗುತ್ತದೆ. ಅಂದಹಾಗೆ ಕ್ರಿ.ಪೂ. 3ನೆಯ ಶತಮಾನದ ಗ್ರೀಕ್ ಕವಿ ಅರಾಟಸ್ ಹೇಳಿದ್ದು ಚೇಳು ಬಂದಾಗ ಓರಿಯನ್ ಭೂಮಿಯ ಅಂಚಿಗೆ ಓಡುತ್ತಾನೆ ಎಂದು. ಓಡುವುದು ನಿಜ, ನಾವೂ ನೋಡಬಹುದು. 'ಕಾಣುವುದೇ ಇಲ್ಲ' ಎಂಬುದು ಬಾಯಿಂದ ಬಾಯಿಗೆ ದಾಟುವಾಗ ಬೆಳೆದ ಬಾಲ.

ನಮ್ಮ ಆಕಾಶದಲ್ಲಿ ನಿಜಕ್ಕೂ ಮುಖ ನೋಡಿಕೊಳ್ಳದ ಜೋಡಿ ಬೇರೆಯೇ ಇದೆ: ವೃಷಭದ ರೋಹಿಣಿ ಮತ್ತು ವೃಶ್ಚಿಕದ ಜ್ಯೇಷ್ಠಾ. ಎರಡೂ ಕೆಂಪು. ಕ್ರಾಂತಿವೃತ್ತದ, ಅಂದರೆ ಆಕಾಶದಲ್ಲಿ ಸೂರ್ಯ ಸಾಗುವ ದಾರಿಯ ಮೇಲೆ ಅಳೆದರೆ ಇವುಗಳ ನಡುವೆ ಸರಿಸುಮಾರು 180 ಡಿಗ್ರಿ. ಬೆಂಗಳೂರಿನಲ್ಲಿ ರೋಹಿಣಿ ಮುಳುಗುವ ಹೊತ್ತಿಗೂ ಜ್ಯೇಷ್ಠಾ ಹುಟ್ಟುವ ಹೊತ್ತಿಗೂ ಲೆಕ್ಕದಲ್ಲಿ ಬರುವ ಅಂತರ ಒಂದೆರಡು ನಿಮಿಷದ್ದು, ದಿಗಂತದ ಮಬ್ಬಿನಲ್ಲಿ ಅದೂ ಕರಗಿಹೋಗುತ್ತದೆ. ತೈತ್ತಿರೀಯ ಸಂಹಿತೆಯ ನಕ್ಷತ್ರಪಟ್ಟಿಯಲ್ಲಿ ರೋಹಿಣಿ ಎಂಬ ಹೆಸರು ಎರಡು ಸಲ ಬರುತ್ತದೆ. ಮೊದಲನೆಯದಕ್ಕೆ ಪ್ರಜಾಪತಿ ದೇವತೆ, ಎರಡನೆಯದಕ್ಕೆ ಇಂದ್ರ. ಇಂದ್ರ ದೇವತೆಯಾಗಿರುವ ಆ ಎರಡನೆಯ ರೋಹಿಣಿಯೇ ನಮ್ಮ ಜ್ಯೇಷ್ಠಾ. ಬಣ್ಣ ನೋಡಿ ಹೆಸರಿಟ್ಟಿದ್ದಾರೆ ಅನ್ನುವುದರಲ್ಲಿ ನನಗಂತೂ ಅನುಮಾನವಿಲ್ಲ.

ಇನ್ನು ಚೇಳನ್ನು ಹಿಡಿಯುವ ಬಗೆ. ಮಳೆಗಾಲದ ಮೋಡ ದೊಡ್ಡ ತೊಡಕು. ಜುಲೈ ಮಧ್ಯದಲ್ಲಿ ರಾತ್ರಿ 9:20ರ ಹೊತ್ತಿಗೆ ಜ್ಯೇಷ್ಠಾ ನೇರ ದಕ್ಷಿಣದಲ್ಲಿ 50 ಡಿಗ್ರಿ ಎತ್ತರದಲ್ಲಿರುತ್ತದೆ. ಪುಸ್ತಕಗಳು ಇದನ್ನೇ ಒಳ್ಳೆಯ ಕಾಲ ಅನ್ನುತ್ತವೆ, ನಮ್ಮಲ್ಲಿ ಆಗ ಆಕಾಶವೇ ಕಾಣುವುದಿಲ್ಲ. ನಮಗೆ ಒಗ್ಗುವುದು ಫೆಬ್ರವರಿ ಕೊನೆಯಿಂದ ಮಾರ್ಚ್‌ವರೆಗಿನ ಬೆಳಗಿನ ಜಾವ 5 ಗಂಟೆ. ಗಾಳಿ ಒಣಗಿರುತ್ತದೆ, ಊರ ದೀಪಗಳೂ ಕಡಿಮೆ. ಇಲ್ಲವೇ ಮೇ ತಿಂಗಳಲ್ಲಿ ರಾತ್ರಿ 11ರ ಮೇಲೆ. ಮಳೆ ಹಿಂದೆಗೆದ ಅಕ್ಟೋಬರ್ ಮೊದಲ ವಾರದಲ್ಲಿ ಸಂಜೆ 7:30ಕ್ಕೆ ನೈಋತ್ಯದಲ್ಲಿ ಮತ್ತೊಂದು ಸಣ್ಣ ಅವಕಾಶ ಸಿಗುತ್ತದೆ.

ಮೊದಲು ಜ್ಯೇಷ್ಠಾ. ಅದರ ಎರಡೂ ಪಕ್ಕದಲ್ಲಿ ಮಂಕಾದ ಒಂದೊಂದು ನಕ್ಷತ್ರ. ಮೂರೂ ಸೇರಿ ಜ್ಯೇಷ್ಠಾ ನಕ್ಷತ್ರಪುಂಜ. ದಕ್ಷಿಣಕ್ಕೆ ಮುಖ ಮಾಡಿದರೆ ಬಲಗಡೆ ಮೇಲೆ, ಮೇಲಿಂದ ಕೆಳಕ್ಕೆ ಜೋಡಿಸಿದಂತೆ ಮೂರು ನಕ್ಷತ್ರ ಸಿಗುತ್ತವೆ. ಅದು ಚೇಳಿನ ತಲೆ, ನಮ್ಮ ಅನುರಾಧಾ. ಇಕ್ಕಳ ಎಲ್ಲಿ ಎಂದು ಹುಡುಕಿ ಸೋಲಬೇಡಿ. ಇಕ್ಕಳ ಈಗ ತುಲಾ ರಾಶಿಯ ಪಾಲು. ಅಲ್ಲಿನ ಎರಡು ಮುಖ್ಯ ನಕ್ಷತ್ರಗಳ ಅರಬ್ಬಿ ಹೆಸರುಗಳಿಗೆ ಇವತ್ತಿಗೂ 'ದಕ್ಷಿಣದ ಇಕ್ಕಳ', 'ಉತ್ತರದ ಇಕ್ಕಳ' ಎಂದೇ ಅರ್ಥ. ಜ್ಯೇಷ್ಠಾದಿಂದ ಎಡಕ್ಕೆ ಕೆಳಗಿಳಿದರೆ ಬಾಲ. ಅದು ದಿಗಂತದ ಕಡೆ ಬಾಗಿ, ಕೊಕ್ಕೆಯಂತೆ ತಿರುಗಿ ಮೇಲೇಳುತ್ತದೆ. ತುದಿಯಲ್ಲಿ ಅಂಟಿಕೊಂಡಂತೆ ಎರಡು ನಕ್ಷತ್ರ, ಒಂದು ಪ್ರಖರ, ಒಂದು ತುಸು ಕಡಿಮೆ. ಅದೇ ಕೊಂಡಿ: ಶೌಲಾ ಮತ್ತು ಲೆಸಾತ್.

ಬಾಲವೆಲ್ಲ ಸೇರಿ ಮೂಲಾ ನಕ್ಷತ್ರ. ಆದರೆ ವೇದದ ಹಳೆಯ ಹೆಸರು ಕೊಂಡಿಯ ಈ ಎರಡಕ್ಕೇ: 'ವಿಚೃತೌ', ದ್ವಿವಚನ, ಬಿಡಿಸುವ ಇಬ್ಬರು. ಅಥರ್ವವೇದದ ಒಂದು ಸೂಕ್ತ, ವಿಚೃತೌ ಎಂಬ ಭಾಗ್ಯವಂತ ತಾರೆಗಳೆರಡು ಮೂಡಿವೆ, ಮೈಗಂಟಿದ ರೋಗದ ಕಟ್ಟನ್ನು ಅವು ಬಿಚ್ಚಲಿ ಎಂದು ಕೇಳಿಕೊಳ್ಳುತ್ತದೆ. ಕಟ್ಟು ಬಿಚ್ಚುವ ನಕ್ಷತ್ರವೇ ಆಮೇಲೆ ಕೇಡಿನ ದೇವತೆ ನಿರೃತಿಯ ಮೂಲಾ ಆಗಿ, 'ಮೂಲಾ ನಕ್ಷತ್ರದ ಹುಡುಗಿ ಮಾವನಿಗೆ ಆಗಿಬರುವುದಿಲ್ಲ, ಜ್ಯೇಷ್ಠಾ ಆದರೆ ಭಾವನಿಗೆ' ಎಂಬಲ್ಲಿಗೆ ಬಂದು ನಿಂತಿದ್ದು ಬೇಸರದ ವಿಷಯ. ಎಷ್ಟು ಸಂಬಂಧಗಳು ಈ ಮಾತಿಗೆ ಮುರಿದಿವೆಯೋ.

ಪಂಚಾಂಗದ ಇನ್ನೊಂದು ತಮಾಷೆ ನೋಡಿ. ವೃಶ್ಚಿಕ ರಾಶಿ ಎಂದರೆ ವಿಶಾಖಾ ಕೊನೆಯ ಪಾದ, ಅನುರಾಧಾ, ಜ್ಯೇಷ್ಠಾ. ಮೂಲಾದಿಂದ ಧನು ಶುರು. ಅಂದರೆ ಚೇಳಿನ ಕೊಂಡಿ ಧನು ರಾಶಿಯಲ್ಲಿ! ತಪ್ಪೇನಿಲ್ಲ, ರಾಶಿ ಎಂಬುದು ಕ್ರಾಂತಿವೃತ್ತವನ್ನು 30 ಡಿಗ್ರಿಯಂತೆ ಸಮನಾಗಿ ಕೊಯ್ದ ಹೋಳು, ಚೇಳಿನ ಆಕಾರಕ್ಕೆ ಕತ್ತರಿಸಿದ್ದಲ್ಲ. ಪಂಚಾಂಗದಲ್ಲಿ ಸೂರ್ಯ ನವೆಂಬರ್ ಮಧ್ಯದಿಂದ ಡಿಸೆಂಬರ್ ಮಧ್ಯದವರೆಗೆ ವೃಶ್ಚಿಕದಲ್ಲಿರುತ್ತಾನೆ. 1930ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಪ್ರಕಟಿಸಿದ ಗಡಿಯ ಪ್ರಕಾರವಾದರೆ ನವೆಂಬರ್ 23ರಿಂದ 29ರವರೆಗೆ, ಒಂದು ವಾರ. ಉಳಿದ ದಿನಗಳಲ್ಲಿ ಹೆಚ್ಚಿನವನ್ನು ಉರಗಧರ ಎಂಬ, ಹನ್ನೆರಡರ ಲೆಕ್ಕಕ್ಕೆ ಸೇರದ ಪುಂಜ ನುಂಗುತ್ತದೆ.

ಜ್ಯೇಷ್ಠಾಕ್ಕೆ ಗ್ರೀಕರು ಇಟ್ಟ ಹೆಸರು ಅಂಟಾರೆಸ್, ಮಂಗಳನ ಎದುರಾಳಿ. ಹೊಸಬರು ಎಡವುವುದೂ ಇಲ್ಲೇ. ಸುಮಾರು ಎರಡು ವರ್ಷಕ್ಕೊಮ್ಮೆ ಮಂಗಳ ಇದರ ಪಕ್ಕ ಹಾದುಹೋಗುತ್ತದೆ, ಆಗ ಯಾವುದು ಯಾವುದೆಂದು ಗೊಂದಲ. ಮಿನುಗುವುದು ನಕ್ಷತ್ರ, ನಿಶ್ಚಲವಾಗಿರುವುದು ಗ್ರಹ; ಎರಡು ವಾರ ಬಿಟ್ಟು ನೋಡಿದರೆ ಜಾಗ ಬದಲಿಸಿದ್ದು ಮಂಗಳ. ಮಹಾಭಾರತದ ಉದ್ಯೋಗಪರ್ವದಲ್ಲಿ ಕರ್ಣ ಕೃಷ್ಣನಿಗೆ ಹೇಳುವ ಅಪಶಕುನಗಳಲ್ಲೂ ಇದೇ ಜೋಡಿ ಇದೆ: ಅಂಗಾರಕ ಜ್ಯೇಷ್ಠಾದಲ್ಲಿ ವಕ್ರಿಯಾಗಿ ಅನುರಾಧಾದ ಕಡೆ ಹೊರಟಿದ್ದಾನೆ.

ನಕ್ಷತ್ರದ ಗಾತ್ರ ಕೇಳಿದರೆ ತಲೆ ತಿರುಗುತ್ತದೆ. ಸುಮಾರು 550 ಜ್ಯೋತಿರ್ವರ್ಷ ದೂರದ ಈ ಕೆಂಪು ಮಹಾದೈತ್ಯನನ್ನು ಸೂರ್ಯನ ಜಾಗದಲ್ಲಿಟ್ಟರೆ ಮಂಗಳನ ಕಕ್ಷೆಯೂ ಅದರ ಹೊಟ್ಟೆಯೊಳಗೆ. ಇದಕ್ಕೆ 5.5 ಕಾಂತಿಮಾನದ (ಹೊಳಪಿನ ಅಳತೆ; ಸಂಖ್ಯೆ ಚಿಕ್ಕದಾದಷ್ಟೂ ಹೊಳಪು ಹೆಚ್ಚು) ಒಂದು ಸಂಗಾತಿ ಇದೆ. ಅದು ಸಿಕ್ಕಿಬಿದ್ದದ್ದು 1819ರ ಏಪ್ರಿಲ್ 13ರಂದು, ವಿಯೆನ್ನಾದಲ್ಲಿ. ಚಂದ್ರ ಅಂಟಾರೆಸ್ ಅನ್ನು ಮರೆಮಾಡಿದ್ದಾಗ ಯೋಹಾನ್ ಟೋಬಿಯಾಸ್ ಬ್ಯೂರ್ಗ್ ಗಮನಿಸಿದ. ನಾವು ನೋಡಬೇಕಾದರೆ 150 ಮಿ.ಮೀ. ದೂರದರ್ಶಕ, 200 ಪಟ್ಟು ವರ್ಧನೆ, ಕದಲದ ಗಾಳಿ ಬೇಕು. ಎರಡರ ನಡುವಿನ ಅಂತರ 3 ಆರ್ಕ್ ಸೆಕೆಂಡಿಗೂ (ಒಂದು ಆರ್ಕ್ ಸೆಕೆಂಡ್ ಎಂದರೆ ಡಿಗ್ರಿಯ 3600ರಲ್ಲೊಂದು ಪಾಲು) ಕಡಿಮೆ, ದೊಡ್ಡದರ ಪ್ರಭೆಯಲ್ಲಿ ಚಿಕ್ಕದು ಮುಳುಗಿಹೋಗುತ್ತದೆ. ಕತ್ತಲಾಗುವವರೆಗೆ ಕಾಯಬೇಡಿ, ಬೆಳಗು ಹರಿಯುವಾಗ ಅಥವಾ ಮುಸ್ಸಂಜೆಯಲ್ಲಿ ಆಕಾಶ ಇನ್ನೂ ನೀಲಿಯಾಗಿರುವಾಗ ಪ್ರಭೆ ತಗ್ಗುತ್ತದೆ. ಚಿಕ್ಕದು ಹಸಿರಾಗಿ ಕಂಡರೆ ಅದು ಪಕ್ಕದ ಕೆಂಪು ಮಾಡಿದ ಕಣ್ಕಟ್ಟು, ನಿಜಕ್ಕೂ ಅದು ನೀಲಿಬಿಳಿ.

10x50 ಬೈನಾಕ್ಯುಲರ್ ಇದ್ದರೆ ಜ್ಯೇಷ್ಠಾವನ್ನು ನೋಟದ ನಡುವಿಗೆ ತಂದು ಬಲಕ್ಕೆ, ಅಂದರೆ ಪಶ್ಚಿಮಕ್ಕೆ 1.3 ಡಿಗ್ರಿ ಸರಿಯಿರಿ. ನೀರು ಬಿದ್ದ ಮಸಿಯಂತೆ ಮಬ್ಬು ಚುಕ್ಕೆ: ಎಂ 4, ನಮಗೆ ತೀರ ಹತ್ತಿರದ ಗೋಳಗುಚ್ಛಗಳಲ್ಲಿ (ಚೆಂಡಿನಂತೆ ಒತ್ತಾಗಿ ಕೂಡಿದ ನಕ್ಷತ್ರಗಳ ಗುಂಪು) ಒಂದು. ಬೆಳದಿಂಗಳಲ್ಲಿ, ನಗರದೊಳಗೆ ಇದು ಕಾಣಲಿಲ್ಲವೆಂದು ಬೈನಾಕ್ಯುಲರನ್ನು ದೂರಬೇಡಿ. ಕೊಂಡಿಯಿಂದ ಎಡಕ್ಕೆ ಮೇಲಕ್ಕೆ ಸುಮಾರು 5 ಡಿಗ್ರಿಯಲ್ಲಿ ಎಂ 7 ಎಂಬ ನಕ್ಷತ್ರಗುಚ್ಛ ಇದೆ. ಕತ್ತಲಿನ ಊರಲ್ಲಿ ಬರಿಗಣ್ಣಿಗೇ ಸಿಗುತ್ತದೆ, ಖಗೋಳಜ್ಞ ಟಾಲೆಮಿ ಕ್ರಿ.ಶ. 2ನೆಯ ಶತಮಾನದಲ್ಲೇ ಬರೆದಿಟ್ಟಿದ್ದ. ಅದರ ಬಲಕ್ಕೆ ಮೇಲೆ 4 ಡಿಗ್ರಿಯಲ್ಲಿ ಚಿಟ್ಟೆಯಾಕಾರದ ಎಂ 6. ಎರಡೂ ಒಂದೇ ನೋಟದಲ್ಲಿ ಹಿಡಿಸುತ್ತವೆ.

ಯಾವ ಸಲಕರಣೆಯೂ ಇಲ್ಲದವರಿಗೆ ಅನುರಾಧಾದ ನಡುವಿನ ನಕ್ಷತ್ರ, ಡೆಲ್ಟಾ (ಪುಂಜದ ನಕ್ಷತ್ರಗಳನ್ನು ಹೀಗೆ ಗ್ರೀಕ್ ಅಕ್ಷರಗಳಿಂದ ಹೆಸರಿಸುತ್ತಾರೆ). ಎಲ್ಲ ಪಟ್ಟಿಗಳಲ್ಲೂ ಕಾಂತಿಮಾನ 2.3 ಎಂದೇ ಇದ್ದ ಇದು 2000ದ ಜುಲೈನಲ್ಲಿ ಹೆಚ್ಚು ಬೆಳಗುತ್ತಿದೆ ಎಂದು ಮೊದಲು ಗುರುತಿಸಿದ್ದು ಅರ್ಜೆಂಟೀನಾದ ಹವ್ಯಾಸಿ ಸೆಬಾಸ್ಟಿಯನ್ ಒಟೆರೊ, ಬರಿಗಣ್ಣಿನಿಂದ. ಮುಂದೆ ಅದು 1.6ರವರೆಗೂ ಏರಿತು. ವೇಗವಾಗಿ ತಿರುಗುತ್ತ ತನ್ನ ಅನಿಲವನ್ನು ಸುತ್ತ ತಟ್ಟೆಯಂತೆ ಚೆಲ್ಲುವ ನಕ್ಷತ್ರ ಅದು. ಸುಮಾರು 10.8 ವರ್ಷಕ್ಕೊಮ್ಮೆ ಅದರ ಸಂಗಾತಿ ಹತ್ತಿರ ಬಂದುಹೋಗುತ್ತದೆ. ತಲೆಯ ಮೇಲ್ತುದಿಯ ಬೀಟಾ 2.5ರಷ್ಟು, ಕೊಂಡಿಯ ಶೌಲಾ 1.6, ಜ್ಯೇಷ್ಠಾ ಸುಮಾರು 1. ಡೆಲ್ಟಾ ಬೀಟಾಕ್ಕೆ ಸಮನಾಗಿದೆಯೇ, ಶೌಲಾದ ಹತ್ತಿರವಿದೆಯೇ ಎಂದು ವರ್ಷಕ್ಕೆರಡು ಸಲ ದಿನಾಂಕ ಹಾಕಿ ಬರೆದಿಡಿ. ಹೋಲಿಸುವ ನಕ್ಷತ್ರಗಳು ಒಂದೇ ಎತ್ತರದ ಆಸುಪಾಸಿನಲ್ಲಿರಲಿ. ದಿಗಂತಕ್ಕೆ ಹತ್ತಿರವಿದ್ದದ್ದು ಸುಮ್ಮನೆ ಮಂಕಾಗಿ ಕಂಡು ಲೆಕ್ಕ ಕೆಡಿಸುತ್ತದೆ.

ಉತ್ತರ ಕರ್ನಾಟಕದವರಿಗೆ ಹುಡುಕುವ ಕಷ್ಟವೂ ಇಲ್ಲದ ಒಂದು ರಾತ್ರಿ ಇದೆ. ಎತ್ತುಗಳಿಗೆ ಬಣ್ಣ ಹಚ್ಚಿ ಕರಿ ಹರಿಯುವ ಕಾರ ಹುಣ್ಣಿಮೆ ಜ್ಯೇಷ್ಠ ಮಾಸದ ಹುಣ್ಣಿಮೆ. ತಿಂಗಳಿಗೆ ಹೆಸರು ಕೊಟ್ಟ ನಕ್ಷತ್ರ ಚಂದ್ರನ ಆಸುಪಾಸಿನಲ್ಲೇ ಕೆಂಪಗೆ ಇರುತ್ತದೆ. ಲಂಡನ್ನಿನಲ್ಲಿರುವ ಕನ್ನಡಿಗರಿಗೆ ಅದೇ ಜ್ಯೇಷ್ಠಾ 12 ಡಿಗ್ರಿಗಿಂತ ಮೇಲೇಳುವುದಿಲ್ಲ, ಬಾಲದ ಬಾಗು ಹುಟ್ಟುವುದೇ ಇಲ್ಲ. ಮೆಲ್ಬರ್ನಿನವರಿಗೆ ಕೊಂಡಿ ನೆತ್ತಿಯ ಮೇಲೆಯೇ ಹಾಯುತ್ತದೆ, ಕತ್ತೆತ್ತಿ ನೋಡಬೇಕು.